ಉಸಿರೆಣಿಕೆಯ ಹಾಳೆ

"ಅಯ್ಯೋ, ಯಾರಾದ್ರೂ ಬನ್ನಿ! ಡಾಕ್ಟ್ರನ್ನ ಹೊಡೆದು ಹಾಕಿದಾರೆ!"

ಆ ಕೂಗು ಕೇಳಿದಾಗ ಮಧ್ಯಾಹ್ನ ಮೂರೂವರೆ. ನಾನು ಆಂಬುಲೆನ್ಸ್ ನಿಲ್ಲಿಸಿ, ಆಗಷ್ಟೇ ಹೆರಿಗೆ ವಾರ್ಡಿನ ಪಡಸಾಲೆಗೆ ಬಂದು ಬೆವರು ಒರೆಸಿಕೊಳ್ಳುತ್ತಿದ್ದೆ. ಓಡಿಹೋಗಿ ಸಂಶೋಧನಾ ಕೊಠಡಿಯ ಬಾಗಿಲು ತಳ್ಳಿದೆ.

ಕನ್ನಡಕದ ಡಾಕ್ಟರು ಎಂದು ಎಲ್ಲರೂ ಕರೆಯುತ್ತಿದ್ದ ನಮ್ಮ ಸಂಶೋಧನೆಯ ಮುಖ್ಯಸ್ಥರು ಮೇಜಿನ ಪಕ್ಕ ನೆಲದ ಮೇಲಿದ್ದರು. ತಲೆಯ ಹಿಂಭಾಗ ಒಡೆದು ಹೋಳಾಗಿತ್ತು. ಒಂದೇ ಏಟಿನದಲ್ಲ, ಮೂರೋ ನಾಲ್ಕೋ ಏಟು. ಗೋಡೆಗೆಲ್ಲ ರಕ್ತ ಚಿಮ್ಮಿತ್ತು. ಒಬ್ಬ ಗಾರೆ ಕೆಲಸದವನು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಗುತ್ತಿದ್ದ. ಅವನ ಅಂಗಿ ಕೆಂಪಾಗಿತ್ತು. ಪಕ್ಕದಲ್ಲೇ ರಕ್ತ ಮೆತ್ತಿದ ಒಂದು ಕಬ್ಬಿಣದ ಸ್ಪ್ಯಾನರ್ ಬಿದ್ದಿತ್ತು. ನಾನು ಮೇಜಿಗೆ ಕೈಯೂರಿದೆ. ಅಂಗೈಗೆ ಹತ್ತಿದ ರಕ್ತ ಹರಿಯಲಿಲ್ಲ, ಗಡ್ಡೆ ಗಡ್ಡೆಯಾಗಿ ಅಂಟಿಕೊಂಡಿತು. ಮೂಲೆಗೆ ಹೋಗಿ ವಾಂತಿ ಮಾಡಿಕೊಂಡೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಷ್ಟರಲ್ಲಿ ಜನ ನುಗ್ಗಿದರು. "ಇವ್ನೇ! ಮೊನ್ನೆ ಕೊರಳಪಟ್ಟಿ ಹಿಡಿದವ್ನು ಇವ್ನೇ!" ಎಂದು ಯಾರೋ ಅರಚಿದ್ದೇ ತಡ, ಗಾರೆಯವನನ್ನು ಹೊರಗೆಳೆದು ತುಳಿಯತೊಡಗಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಅವನ ಬಲಗೈ ಬೂಟಿನ ಕೆಳಗೆ ಮುರಿದ ಸದ್ದು ನನಗೇ ಕೇಳಿಸಿತು. ಬಿಡಿಸಲು ಹೋದ ನನ್ನ ದವಡೆಗೂ ಒಂದು ಬಿತ್ತು.

ಮೂರು ದಿನದ ಹಿಂದೆ ಅವನ ಅವಳಿ ಗಂಡುಕೂಸುಗಳಲ್ಲಿ ಒಂದು, ಹುಟ್ಟಿದ ಐದನೇ ದಿನಕ್ಕೆ, ನಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡಿತ್ತು. ಆವತ್ತು ಅವನು ಡಾಕ್ಟರ ಕೊರಳಪಟ್ಟಿ ಹಿಡಿದು, "ನನ್ ಮಗನ್ನ ಕೊಂದ್ಬಿಟ್ರಲ್ರೋ, ನಿಮ್ಮ ತಲೆ ಒಡೀತೀನಿ" ಎಂದಿದ್ದನ್ನು ಇಡೀ ವಾರ್ಡು ಕೇಳಿತ್ತು. ಇನ್ನೊಂದು ಕೂಸು ಇನ್ನೂ ನಮ್ಮ ನವಜಾತ ಕೋಣೆಯಲ್ಲೇ ಇತ್ತು, ತಾಯಿ ವಾರ್ಡಿನಲ್ಲಿದ್ದಳು.

"ಬಿಡ್ರೋ ಅವನನ್ನ! ಆಸ್ಪತ್ರೆಯೋ ಕಸಾಯಿಖಾನೆಯೋ ಇದು?"

ಆ ದನಿಗೆ ಎಲ್ಲರ ಕಾಲೂ ನಿಂತವು. ನಮ್ಮತ್ತಿಗೆ.

ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ಇದೇ ವಾರ್ಡಿನಲ್ಲಿ ಮೂವತ್ತು ವರ್ಷ ಮುಖ್ಯ ದಾದಿಯಾಗಿದ್ದು ನಿವೃತ್ತಳಾದವಳು. ನಾವೆಲ್ಲ ಆಸ್ಪತ್ರೆಯ ಹಿಂದಿನ ವಸತಿಯಲ್ಲೇ ಇರುವುದು. ಊರಲ್ಲಿ ಕಳವಾಗಲಿ, ಕೊಲೆಯಾಗಲಿ, ಪೊಲೀಸರಿಗೆ ತಲೆ ಓಡದಿದ್ದಾಗ ನಮ್ಮ ಬಾಗಿಲಿಗೇ ಬರುತ್ತಾರೆ. ಇನ್ಸ್‌ಪೆಕ್ಟರಂತೂ ಅವಳೆದುರು ಮೀಸೆ ತಿರುವುವುದಿಲ್ಲ. ಅವರು ಹುಟ್ಟಿದಾಗ ಕಾಲು ಹಿಡಿದು, ಬೆನ್ನಿಗೆ ತಟ್ಟಿ, ಮೊದಲ ಸಲ ಅಳಿಸಿದವಳು ಅವಳೇ.

ಆವತ್ತೂ ಇನ್ಸ್‌ಪೆಕ್ಟರು ಬಂದರು, ನೋಡಿದರು, ಹತ್ತೇ ನಿಮಿಷದಲ್ಲಿ ತೀರ್ಪನ್ನೂ ಕೊಟ್ಟರು. "ಅಮ್ಮಾ, ಇದರಲ್ಲಿ ಪತ್ತೆ ಮಾಡೋದೇನಿದೆ? ಬೆದರಿಕೆ ಹಾಕಿದ್ದ, ಬಂದ, ತನ್ನ ಕೆಲಸದ ಸ್ಪ್ಯಾನರಲ್ಲಿ ಹೊಡೆದ. ಕೈಗೆ ರಕ್ತ ಬೇರೆ."

"ನನ್ನನ್ನ ಡಾಕ್ಟ್ರೇ ಕರೆಸಿದ್ದು," ಎಂದು ಗಾರೆಯವನು ಒಡೆದ ತುಟಿಯಲ್ಲೇ ತೊದಲಿದ. "ಮೂರೂವರೆಗೆ ಬಾ, ನಿನಗೊಂದು ವಿಷಯ ಹೇಳಬೇಕು ಅಂತ ಆಯಾ ಕೈಲಿ ಹೇಳಿ ಕಳಿಸಿದ್ರು. ಬಂದು ನೋಡಿದ್ರೆ ಹಿಂಗೆ ಬಿದ್ದಿದ್ರು. ನನ್ ಹೆಂಡ್ತಿಗೆ ಹೇಳ್ಬೇಡಿ ಸಾರ್, ಹಸಿ ಬಾಣಂತಿ. ನಾನೂ ಇಲ್ಲದಿದ್ರೆ ಆ ಕೂಸಿಗೆ ಯಾರು?"

ಅತ್ತಿಗೆ ಅವನ ಮುರಿದ ಕೈಗೆ ಹಲಗೆ ಕಟ್ಟಿಸಿ, ಒಂದು ಸ್ಟೂಲಿನ ಮೇಲೆ ಕೂರಿಸಿದಳು. "ಸ್ವಲ್ಪ ತಡಿ ಕಂದಾ," ಎಂದು ಇನ್ಸ್‌ಪೆಕ್ಟರಿಗೆ ಹೇಳಿದಳು. ಮೂವತ್ತೈದು ದಾಟಿದ ಇನ್ಸ್‌ಪೆಕ್ಟರು ತಡೆದರು.

ಇಲ್ಲಿ ನಮ್ಮ ಆಸ್ಪತ್ರೆಯ ಸಂಶೋಧನೆಯ ವಿಷಯ ಹೇಳಲೇಬೇಕು. ಕೂಸುಗಳ ಶ್ವಾಸಕೋಶದ ಸೋಂಕು ಮೊದಲು ಉಸಿರಿನಲ್ಲೇ ಗೊತ್ತಾಗುತ್ತದಂತೆ. ಉಸಿರು ನಿಮಿಷಕ್ಕೆ ಅರವತ್ತು ದಾಟಿತೋ, ಅಪಾಯ. ನಮ್ಮಂಥ ಬಿಸಿಲೂರುಗಳಲ್ಲಿ ಯಂತ್ರವಿಲ್ಲ, ಇದ್ದರೂ ಕರೆಂಟಿಲ್ಲ. ಬರೀ ಕಣ್ಣಲ್ಲಿ ನೋಡಿ ಎಣಿಸಿಯೇ ಕೂಸುಗಳನ್ನು ಉಳಿಸಬಹುದೇ ಎಂದು ಕನ್ನಡಕದ ಡಾಕ್ಟರು ಎರಡು ವರ್ಷದಿಂದ ಪರೀಕ್ಷಿಸುತ್ತಿದ್ದರು. ಪ್ರತಿ ಕೂಸಿನ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಮತ್ತೊಮ್ಮೆ ಪೂರ್ತಿ ಒಂದು ನಿಮಿಷ ಎಣಿಸಬೇಕು, ಎರಡನ್ನೂ ಹಾಳೆಯಲ್ಲಿ ಬರೆಯಬೇಕು. ಎಣಿಸುವಾಗ ತಾಯಂದಿರೂ ಒಳಗಿರಬಾರದು.

ಬೆಳಿಗ್ಗೆಯ ಎಣಿಕೆ ಕಿರಿಯ ಡಾಕ್ಟರಮ್ಮನದು. ಮಧ್ಯಾಹ್ನದ್ದು ಪುರುಷ ದಾದಿಯದು. ಅವನನ್ನು ನಾವೆಲ್ಲ ಗಡಿಯಾರ ಎಂದೇ ಕರೆಯುತ್ತಿದ್ದೆವು. ಒಂದು ನಿಮಿಷ ಆಚೀಚೆ ಆಗುವ ಆಸಾಮಿಯಲ್ಲ.

ಅತ್ತಿಗೆ ಮೊದಲು ಆಯಾಳನ್ನು ಕೇಳಿದಳು. ಪಡಸಾಲೆಯಲ್ಲಿ ಕೂರುವ ಆಯಾಗೆ ಸಂಶೋಧನಾ ಕೊಠಡಿಯೂ ಕಾಣುತ್ತದೆ, ನವಜಾತ ಕೋಣೆಯೂ ಕಾಣುತ್ತದೆ.

"ಸುಳ್ಳು ಯಾಕೆ ಹೇಳ್ಲಿ ಸಿಸ್ಟರಮ್ಮ, ಸ್ವಲ್ಪ ಕಣ್ಣು ಮುಚ್ಚಿದ್ದೆ. ಮೂರಕ್ಕೆ ಗಡಿಯಾರಪ್ಪ ಕೂಸುಗಳ ಕೋಣೆಗೆ ಹೋದ. ಆಗ ಡಾಕ್ಟ್ರು ಜೀವಂತ ಇದ್ರು, ನೀರು ಕೊಟ್ಟು ಬಂದೆ. ಮೂರೂವರೆಗೆ ಅವನೇ ಹೊರಗೆ ಬಂದು, 'ಏಳಜ್ಜಿ, ನಿದ್ದೆ ಸಾಕು' ಅಂತ ಎಬ್ಬಿಸಿದ. ಅಷ್ಟರಲ್ಲಿ ಡಾಕ್ಟ್ರ ಮಾತಿಗೆ ನಾನೇ ಕರೆದು ಬಂದಿದ್ದ ಈ ಪುಣ್ಯಾತ್ಮ ಬಂದು ಒಳಗೆ ಕಾಲಿಟ್ಟ, ಕೂಗಿಕೊಂಡ."

ಕಿರಿಯ ಡಾಕ್ಟರಮ್ಮ ಆ ಹೊತ್ತಿಗೆ ಪ್ರಯೋಗಾಲಯದಲ್ಲಿ ಒಬ್ಬಳೇ ಇದ್ದಳಂತೆ. "ಹೌದು, ನಿನ್ನೆ ಅವರ ಜೊತೆ ಜಗಳ ಆಡಿದ್ದೆ," ಎಂದು ಅಳುತ್ತಲೇ ಸಿಡುಕಿದಳು. "ವರದೀಲಿ ನನ್ನ ಹೆಸರು ಕೊನೇಗೆ ಹಾಕಿದ್ರು. ಅದಕ್ಕೆ ತಲೆ ಒಡೀತಾರಾ?"

ನನಗೆ ಅವಳ ಮೇಲೆ ಗುಮಾನಿ ಬಂತು. ಅಷ್ಟು ಕೋಪ ಯಾಕಪ್ಪಾ ಎಂದುಕೊಂಡೆ. ಅತ್ತಿಗೆಯ ಕಿವಿಯಲ್ಲಿ ಹೇಳಿದ್ದಕ್ಕೆ, "ನೀನು ಗಾಡಿ ಓಡಿಸು ಸಾಕು" ಎಂದಳು.

ಗಡಿಯಾರ ತಣ್ಣಗಿದ್ದ. "ನೋಡಿ ಅಕ್ಕಾ, ಹತ್ತು ಕೂಸು. ಒಂದೊಂದಕ್ಕೆ ಎರಡು ನಿಮಿಷ ಎಣಿಕೆ, ಒಂದು ನಿಮಿಷ ಕೈ ತೊಳೆಯೋಕೆ, ಬರೆಯೋಕೆ. ಮೂವತ್ತು ನಿಮಿಷ ಪೂರ್ತಿ ಬೇಕು. ಹಾಳೆ ತುಂಬಿದೆ, ನೋಡ್ಕೊಳ್ಳಿ."

"ಅವನು ಹೇಳೋದು ಲೆಕ್ಕಕ್ಕೆ ಸರಿ ಇದೆ," ಎಂದರು ಇನ್ಸ್‌ಪೆಕ್ಟರು.

ಅತ್ತಿಗೆ ಸಂಶೋಧನಾ ಕೊಠಡಿಗೆ ಮತ್ತೆ ಹೋದಳು. ಅಲ್ಲಿಂದ ಕೈ ತೊಳೆಯುವ ಒಂದು ಸಣ್ಣ ಕೋಣೆ, ಅದರಾಚೆ ನವಜಾತ ಕೋಣೆ. ನಡುವಿನ ಬಾಗಿಲುಗಳಿಗೆ ಚಿಲಕವಿಲ್ಲ. ಮೇಜಿನ ಮೇಲೆ ಕಳೆದ ಆರು ತಿಂಗಳ ಹಾಳೆಗಳು ರಕ್ತದಲ್ಲಿ ನೆಂದು ಬಿದ್ದಿದ್ದವು. ಎಲ್ಲವೂ ಗಡಿಯಾರನ ಮಧ್ಯಾಹ್ನದ ಹಾಳೆಗಳೇ. ಪ್ರತಿ ಅಂಕಿಯ ಕೆಳಗೂ ಡಾಕ್ಟರು ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿದ್ದರು. ಸರಿಯಿದೆ ಎಂದು ಹಾಕಿದ ಗೀಟೇ ಇರಬೇಕು ಎಂದುಕೊಂಡೆ.

"ಇವತ್ತಿನ ಎರಡು ಹಾಳೆ ಓದೋ. ನನ್ನ ಕನ್ನಡಕ ಮನೇಲಿದೆ," ಎಂದಳು.

ಕಿರಿಯ ಡಾಕ್ಟರಮ್ಮನದು ಓದಿದೆ. "ನಲವತ್ಮೂರು, ನಲವತ್ತಾರು. ಐವತ್ತೊಂದು, ನಲವತ್ತೊಂಬತ್ತು. ಮೂವತ್ತೊಂಬತ್ತು, ನಲವತ್ತೆರಡು..." ಆಮೇಲೆ ಗಡಿಯಾರನದು. "ನಲವತ್ನಾಲ್ಕು, ನಲವತ್ತೆಂಟು. ಐವತ್ತೆರಡು, ಐವತ್ತೆರಡು. ನಲವತ್ತು, ನಲವತ್ನಾಲ್ಕು. ನಲವತ್ತೆಂಟು, ಐವತ್ತಾರು. ಎಲ್ಲಾ ಹೀಗೇ ಇದೆ ಅತ್ತಿಗೆ, ಯಾವುದೂ ಅರವತ್ತು ದಾಟಿಲ್ಲ. ಕೆಳಗೆ ಒಂದು ಸಾಲಿದೆ: 'ಮೂರು ಗಂಟೆಗೆ ಹೊಸ ಆಮ್ಲಜನಕ ಸಿಲಿಂಡರ್ ತೆರೆಯಲಾಗಿದೆ.' ಏನು ಶಿಸ್ತು ನೋಡಿ ಇವನದ್ದು!"

ಅತ್ತಿಗೆಯ ಮುಖ ಬಿಳಿಚಿಕೊಂಡಿತು. "ಗಾರೆಯವನ ಕೂಸು ಎಷ್ಟನೇದು?"

"ಏಳನೇ ತೊಟ್ಟಿಲು. ಐವತ್ತೆರಡು, ಐವತ್ತಾರು."

ಅವಳು ಓಡಿದಳು. ಅರವತ್ತು ದಾಟಿದ ಹೆಂಗಸು, ಮಂಡಿನೋವಿನವಳು, ಕಿರಿಯ ಡಾಕ್ಟರಮ್ಮನ ಕೈ ಹಿಡಿದೆಳೆದುಕೊಂಡು ನವಜಾತ ಕೋಣೆಗೆ ಓಡಿ, ನನ್ನ ಮುಖದ ಮೇಲೇ ಬಾಗಿಲು ಹಾಕಿದಳು. ಅರ್ಧ ಗಂಟೆ ಹೊರಗೆ ನಿಲ್ಲಿಸಿದಳು. ಇಷ್ಟು ವರ್ಷ ಜೊತೆಗಿದ್ದ ಮೈದುನನಿಗೆ ಇಷ್ಟೇನಾ ಮರ್ಯಾದೆ ಎಂದು ಮೈ ಉರಿಯಿತು.

ಐದು ಗಂಟೆಗೆ ಅವಳು ಎಲ್ಲರನ್ನೂ ಅದೇ ಸಂಶೋಧನಾ ಕೊಠಡಿಗೆ ಸೇರಿಸಿದಳು. ಹೆಣ ಸಾಗಿಸಿದ್ದರೂ ನೆಲ ಇನ್ನೂ ಕೆಂಪಗಿತ್ತು. ಇನ್ಸ್‌ಪೆಕ್ಟರು, ಇಬ್ಬರು ಪೇದೆಗಳು, ಗಡಿಯಾರ, ಆಯಾ, ಕೈಗೆ ಹಲಗೆ ಕಟ್ಟಿದ ಗಾರೆಯವನು, ಗೋಡೆ ಹಿಡಿದುಕೊಂಡು ಬಂದ ಅವನ ಹೆಂಡತಿ. ಕಿರಿಯ ಡಾಕ್ಟರಮ್ಮ ಕೊನೆಗೆ ಬಂದು ಬಾಗಿಲ ಬಳಿ ನಿಂತಳು.

"ಮೊದಲು ರಕ್ತದ ಮಾತು," ಎಂದಳು ಅತ್ತಿಗೆ. "ನಮ್ಮ ಡ್ರೈವರು ಮೂರೂವರೆಗೆ ಮೇಜು ಮುಟ್ಟಿದಾಗ ಗಡ್ಡೆ ಕೈಗಂಟಿತು. ಆಗ ತಾನೇ ಹೊಡೆದಿದ್ರೆ ರಕ್ತ ನೀರಿನ ಹಾಗೆ ಇರಬೇಕಿತ್ತು. ಕಾಲು ಗಂಟೆ ಮೊದಲೇ ಕೊಲೆ ಆಗಿದೆ. ಗಾರೆಯವನು ಒಳಗೆ ಹೋಗಿದ್ದೂ ಕೂಗಿದ್ದೂ ಒಟ್ಟಿಗೇ ಅಂತ ಎಚ್ಚರವಾದ ಆಯಾ ನೋಡಿದಾಳೆ."

"ಆಯಾ ನಿದ್ದೆ ಹೊಡೀತಿದ್ದಾಗಲೂ ಬಂದಿರಬಹುದಲ್ಲ," ಎಂದರು ಇನ್ಸ್‌ಪೆಕ್ಟರು.

"ಬಂದಿರಬಹುದು. ಆದರೆ ಸ್ಪ್ಯಾನರ್? ಅದು ಗಾರೆಯವರದ್ದಲ್ಲ ಕಂದಾ, ಆಮ್ಲಜನಕದ ಸಿಲಿಂಡರ್ ತೆರೆಯೋದು. ನವಜಾತ ಕೋಣೆಯ ಮೊಳೆಗೆ ನೇತು ಹಾಕಿರುತ್ತೆ, ಈಗ ಆ ಮೊಳೆ ಖಾಲಿ. ಮೂರು ಗಂಟೆಗೆ ಅದರಲ್ಲೇ ಹೊಸ ಸಿಲಿಂಡರ್ ತೆರೆದೆ ಅಂತ ಒಬ್ಬರು ಶಿಸ್ತಾಗಿ ಬರೆದಿದ್ದಾರೆ. ಆಮೇಲೆ ಆ ಕೋಣೇಲಿ ಇದ್ದದ್ದು ಅವರೊಬ್ಬರೇ."

ಎಲ್ಲರೂ ಗಡಿಯಾರನತ್ತ ತಿರುಗಿದರು. ಅವನು ನಕ್ಕ. "ಅಕ್ಕಾ, ಇಪ್ಪತ್ತು ಎಣಿಕೆ ಯಾರು ಮಾಡಿದ್ರು ಹಾಗಾದ್ರೆ? ನಿಮ್ಮಜ್ಜಿನಾ?"

"ಯಾರೂ ಮಾಡ್ಲಿಲ್ಲ. ನಿನ್ನ ಇಪ್ಪತ್ತು ಅಂಕಿಯೂ ನಾಲ್ಕರ ಮಗ್ಗಿ. ಒಂದೂ ತಪ್ಪಿಲ್ಲ. ಪೂರ್ತಿ ನಿಮಿಷ ಎಣಿಸಿದವರಿಗೆ ನಲವತ್ಮೂರು ಬರುತ್ತೆ, ಐವತ್ತೊಂದು ಬರುತ್ತೆ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಸೋಮಾರಿಗೆ ಮಾತ್ರ ಮಗ್ಗಿ ಬರುತ್ತೆ. ಹಳೇ ಹಾಳೆಗಳನ್ನೂ ಡಾಕ್ಟರಮ್ಮನ ಕೈಲಿ ಓದಿಸಿದೆ, ಆರು ತಿಂಗಳಿಂದ ನಿನ್ನದು ಇದೇ ಚಾಳಿ. ಕೂಸಿನ ಉಸಿರು ಒಂದೇ ಸಮ ಇರಲ್ಲ ಕಣೋ. ಓಡುತ್ತೆ, ತಡೆಯುತ್ತೆ, ಮತ್ತೆ ಓಡುತ್ತೆ. ಅದಕ್ಕೇ ಪೂರ್ತಿ ನಿಮಿಷ ಅಂತ ಡಾಕ್ಟರು ಬಡ್ಕೊಂಡಿದ್ದು. ಇವತ್ತಂತೂ ನೀನು ಕಾಲು ನಿಮಿಷವೂ ಎಣಿಸಿಲ್ಲ. ಡಾಕ್ಟರು ಹಳೇ ಹಾಳೆ ತೆಗೆದು ಪ್ರತಿ ಅಂಕಿಗೂ ಗೀಟು ಹಾಕಿ ನಿನ್ನನ್ನ ಕರೆದ್ರು. ಸಿಲಿಂಡರ್ ತೆರೆದ ಸ್ಪ್ಯಾನರ್ ಕೈಲಿತ್ತು. ಹೊಡೆದೆ. ಬಿದ್ದ ಮೇಲೂ ಹೊಡೆದೆ. ಕೈ ತೊಳೆದು, ಮೇಲಂಗಿಯನ್ನ ಮೈಲಿಗೆ ಬಟ್ಟೆಯ ಡಬ್ಬಕ್ಕೆ ಹಾಕಿ, ಕೂತು ಇಪ್ಪತ್ತು ಅಂಕಿ ಗೀಚಿದೆ. ಗೀಚುವಾಗಲೂ ಕೈ ಹಳೇ ಮಗ್ಗೀನೇ ಬರೀತು. ಆ ಮೇಲಂಗಿ ಸಿಕ್ಕಿದೆ, ತೋಳೆಲ್ಲ ರಕ್ತ."

"ಸುಳ್ಳು!" ಗಡಿಯಾರನ ದನಿ ಒಡೆಯಿತು. "ಯಾರೂ ಎಣಿಸಲ್ಲ! ಎಲ್ಲಾ ಆಸ್ಪತ್ರೇಲೂ ಹೀಗೇ! ಒಂದು ಅಂಕಿಗೋಸ್ಕರ ನನ್ನ ಕೆಲಸ ಕಿತ್ಕೊಳ್ತೀನಿ ಅಂದ್ರು!"

ಅಂದವನೇ ಮೇಜಿನ ಮೇಲಿದ್ದ ಕತ್ತರಿ ಕಿತ್ತುಕೊಂಡು, ಬಾಗಿಲಿಗೆ ಅಡ್ಡ ನಿಂತಿದ್ದ ಕಿರಿಯ ಡಾಕ್ಟರಮ್ಮನ ಕತ್ತಿಗೆ ನುಗ್ಗಿದ. ನಾನು ಹಿಂದೆ ಮುಂದೆ ನೋಡಲಿಲ್ಲ. ಅಡ್ಡ ಹೋದೆ. ಕತ್ತರಿ ನನ್ನ ಮುಂಗೈಯನ್ನು ಮೊಣಕೈವರೆಗೂ ಸೀಳಿತು. ಇನ್ನೊಂದು ಕೈಗೆ ಸಿಕ್ಕ ಸ್ಟೂಲನ್ನು ಅವನ ಮುಖಕ್ಕೆ ಬೀಸಿದೆ. ಮೂಗು ಲಟಕ್ಕೆಂದಿತು, ಹಲ್ಲು ನೆಲಕ್ಕುರುಳಿದವು. ಮತ್ತೊಂದು ಬೀಸುವಷ್ಟರಲ್ಲಿ ಪೇದೆಗಳು ನನ್ನನ್ನೇ ಹಿಡಿದುಕೊಂಡರು. ಬಿಟ್ಟಿದ್ದರೆ ಏನು ಮಾಡುತ್ತಿದ್ದೆನೋ, ದೇವರೇ ಬಲ್ಲ.

ಅವನನ್ನು ಎಳೆದುಕೊಂಡು ಹೋದ ಮೇಲೆ ಕಿರಿಯ ಡಾಕ್ಟರಮ್ಮ ನನ್ನ ಗಾಯಕ್ಕೆ ಹೊಲಿಗೆ ಹಾಕಿದಳು. ಇವಳನ್ನೇ ಅನುಮಾನಿಸಿದ್ದೆನಲ್ಲ ಎಂದು ನನಗೆ ತಲೆ ಎತ್ತಲಾಗಲಿಲ್ಲ.

"ನಿಮ್ಮ ಕೂಸನ್ನ ನಾವಿಬ್ಬರೂ ಪೂರ್ತಿ ನಿಮಿಷ ಎಣಿಸಿದ್ವಿ," ಎಂದಳು ಅತ್ತಿಗೆ ಬಾಣಂತಿಯ ಪಕ್ಕ ಕೂತು. "ಎಪ್ಪತ್ನಾಲ್ಕು ಇತ್ತು, ಆಮೇಲೆ ಎಪ್ಪತ್ತೊಂದು. ಸೋಂಕು ಶುರುವಾಗಿದೆ. ಆಗಲೇ ಔಷಧಿ ಕೊಟ್ಟಾಯ್ತು, ಆಮ್ಲಜನಕ ಹಾಕಿದೀವಿ. ಹೊತ್ತಿಗೆ ಸರಿಯಾಗಿ ಸಿಕ್ಕಿದೆ ತಾಯಿ, ಉಳೀತಾನೆ."

ಬಾಣಂತಿ ಅತ್ತಿಗೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಕೇಳಿದಳು. "ಹೋದನಲ್ಲ ನನ್ನ ದೊಡ್ಡವನು, ಅವನನ್ನೂ ಹೀಗೇ ಎಣಿಸಿದ್ದಿದ್ರೆ?"

ಒಂದು ಸುಳ್ಳು ಹೇಳು ಅತ್ತಿಗೆ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವಳ ಕಣ್ಣು ತುಂಬಿತ್ತು.

"ಉಳೀತಿದ್ದ," ಎಂದಳು. "ಅವನ ಹಾಳೇಲೂ ಮಗ್ಗೀನೇ ಇದೆ. ಡಾಕ್ಟರಿಗೆ ಇವತ್ತು ಗೊತ್ತಾಯ್ತು. ಅದನ್ನ ನಿನ್ನ ಗಂಡನಿಗೆ ಹೇಳಿ ಕ್ಷಮೆ ಕೇಳೋಕೇ ಮೂರೂವರೆಗೆ ಕರೆಸಿದ್ದು."

ಗಾರೆಯವನು ತನ್ನ ಒಳ್ಳೆಯ ಕೈಯನ್ನು ತಿರುಗಿಸಿ ನೋಡಿಕೊಂಡ. ಅದರ ತುಂಬ ಡಾಕ್ಟರ ರಕ್ತ ಒಣಗಿತ್ತು.

"ಇದೇ ಕೈಯಲ್ಲಿ ಅವರ ಕೊರಳಪಟ್ಟಿ ಹಿಡಿದಿದ್ದೆ," ಎಂದು, ಅವರು ಬಿದ್ದಿದ್ದ ಜಾಗದಲ್ಲೇ ಮಂಡಿಯೂರಿ ಬಿಕ್ಕಿ ಬಿಕ್ಕಿ ಅತ್ತ.