ಹೆಸರು ಬದಲಾದ ಗಡ್ಡೆ

"ಮುಚ್ಚಿಡಬ್ಯಾಡ್ರಿ ಡಾಕ್ಟರ್. ಅಂವಾ ಎಷ್ಟು ವರ್ಷ ಇರ್ತಾನ?"

ಎಲ್ಲರೂ ತೆಲುಗು ಆಡುವ ಗಚ್ಚಿಬೌಲಿಯ ಆಸ್ಪತ್ರೆಯ ಲ್ಯಾಬಿನಲ್ಲಿ ತನ್ನೂರು ರಾಯಚೂರಿನ ಕಡೆಯ ಕನ್ನಡ ಕೇಳಿ ಸುಮಂಗಲಾ ತಲೆಯೆತ್ತಿದಳು. ಉಣ್ಣೆಯ ಟೋಪಿ ಹಾಕಿಕೊಂಡ ಎತ್ತರದ ಯುವಕ. ಹುಲಗೇಶ ಎಂಬ ರೋಗಿಯ ಅಣ್ಣನಂತೆ. ಬೇರೆ ಡಾಕ್ಟರಿಗೆ ತೋರಿಸಲು ತಮ್ಮನ ಸ್ಲೈಡುಗಳು ಬೇಕಂತೆ.

ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಯಾವ ಜಾತಿಯದು ಎಂದು ಹೆಸರಿಡುವುದು ಸುಮಂಗಲಾಳ ಕೆಲಸ. ರೋಗಿಗಳ ಮುಖವನ್ನು ಅವಳು ಕಾಣುವುದೇ ಅಪರೂಪ.

ಮನೆಯವನೇ ತಾನೇ ಎಂದು ಅವಳು ಬಿಚ್ಚಿ ಹೇಳಿದಳು. ಮಿದುಳಿನ ಗಡ್ಡೆ, ಆಸ್ಟ್ರೊಸೈಟೋಮಾದ ಹಾಗೆ ಕಾಣುತ್ತಿದೆ, ಮೂರನೆಯ ದರ್ಜೆ. ಮೂರೋ ನಾಲ್ಕೋ ವರ್ಷ ಸಿಕ್ಕರೆ ದೊಡ್ಡದು. ಹೋದ ವರ್ಷದಿಂದ ಬರೀ ಕಣ್ಣಿಗೆ ಕಂಡದ್ದರ ಮೇಲೆ ಹೆಸರಿಡುವ ಹಾಗಿಲ್ಲ, ಜೀನ್ ಪರೀಕ್ಷೆಯೂ ಆಗಬೇಕು. ಅದಕ್ಕೆ ಚೂರನ್ನು ಬೇರೆ ಊರಿಗೆ ಕಳಿಸಿದ್ದೇವೆ, ತಡವಾಗುತ್ತದೆ...

"ಅವಂಗ ಮದುವಿ ಮಾಡಬೇಕಂತ ಇದ್ವಿ," ಎಂದ ಅವನು.

"ಈಗ ಬ್ಯಾಡ್ರಿ. ಒಂದು ಹುಡುಗಿ ಬಾಳೇವು ಯಾಕ ಹಾಳು ಮಾಡ್ತೀರಿ?"

ಅವನು ತಲೆಯಾಡಿಸಿದ. ಬೆವರು ಒರೆಸಿಕೊಳ್ಳಲು ಟೋಪಿ ತೆಗೆದ. ಬೋಳಿಸಿದ ತಲೆಯ ಮೇಲೆ ಹೊಲಿಗೆಯ ಗೆರೆ ಇನ್ನೂ ಹಸಿಯಾಗಿತ್ತು.

"ಹುಲಗೇಶ ಅಂದ್ರ ನಾನರಿ. ಅಣ್ಣ ಅಂದ್ರ ಖರೇ ಹೇಳ್ತೀರಿ ಅನಿಸ್ತು."

ಅಯ್ಯೋ... ಏನು ಹೇಳಿಬಿಟ್ಟೆ ನಾನು?

ಸ್ಲೈಡುಗಳನ್ನು ಕೊಡಲು ತಾನೇ ಹೊರಗೆ ಬಂದಳು. ಕ್ಯಾಂಟೀನಿನಲ್ಲಿ ಕೂರಿಸಿ ಚಹಾ ಕೊಡಿಸಿ ಕ್ಷಮೆ ಕೇಳಿದಳು. ತಪ್ಪು ತನ್ನದೇ ಎಂದು ಅವನು ನಕ್ಕ. ಆ ನಗು ಅವಳನ್ನು ಮನೆಯ ತನಕ ಹಿಂಬಾಲಿಸಿತು.

ಹುಲಗೇಶ ಲಿಫ್ಟ್ ಕಂಪನಿಯ ಎಂಜಿನಿಯರ್. ಗಚ್ಚಿಬೌಲಿಯಲ್ಲಿ ಏಳುತ್ತಿದ್ದ ಐಟಿ ಕಟ್ಟಡಗಳಿಗೆಲ್ಲ ಲಿಫ್ಟ್ ಕೂರಿಸುತ್ತ ಓಡಾಡುತ್ತಿದ್ದವನು ಒಂದು ದಿನ ಫಿಟ್ಸ್ ಬಂದು ಬಿದ್ದಿದ್ದ. ಈಗ ಎತ್ತರ ಹತ್ತುವಂತಿಲ್ಲ. ಸನತ್‌ನಗರದ ವರ್ಕ್‌ಶಾಪಿನಲ್ಲಿ ಕುಳಿತು ಕೆಲಸ.

ಹೊಲಿಗೆ ತೋರಿಸಲು, ಫಿಟ್ಸ್ ಮಾತ್ರೆಗೆ ಎಂದು ಅವನು ಆಸ್ಪತ್ರೆಗೆ ಬಂದಾಗಲೆಲ್ಲ ಇಬ್ಬರೂ ಮಾತಾಡುತ್ತ ಲಿಂಗಂಪಲ್ಲಿಯ ಸ್ಟೇಷನ್ನಿನವರೆಗೂ ಹೋಗುವುದು ರೂಢಿಯಾಯಿತು. ಸಾಯುವ ಮಾತನ್ನು ಅವನು ಎತ್ತುತ್ತಲೇ ಇರಲಿಲ್ಲ. ಲೋಕಲ್ ರೈಲು ಬಂದರೂ ಸುಮಂಗಲಾ ಹತ್ತುತ್ತಿರಲಿಲ್ಲ. ಮುಂದಿನದಕ್ಕೆ ಹೋಗುತ್ತೇನೆ ಅನ್ನುತ್ತಿದ್ದಳು.

ಇದು ಕನಿಕರ ಅಲ್ಲ, ಎಂದು ಅವಳ ಮನಸ್ಸಿಗೆ ಗೊತ್ತಾಗಿ ಹೋಗಿತ್ತು.

ಅದು ಅವನಿಗೂ ಗೊತ್ತಾದ ದಿನವೇ ಅವನು ದೂರವಾದ. ಫೋನ್ ಎತ್ತಲಿಲ್ಲ. ಆಸ್ಪತ್ರೆಗೆ ಬಂದರೂ ಲ್ಯಾಬಿನ ಕಡೆ ಸುಳಿಯಲಿಲ್ಲ. ಸುಮಂಗಲಾ ಊಟ ಬಿಟ್ಟಳು, ಅತ್ತಳು. 'ಮದುವಿ ಬ್ಯಾಡ ಅಂದಾಕಿ ನಾನೇ... ನನ್ನ ಮಾತನ್ನೇ ನಡೆಸಾಕತ್ತಾನ.'

ಜೀನ್ ಪರೀಕ್ಷೆಯ ವರದಿ ಬಂತು. ಗಡ್ಡೆಯ ಜೀವಕೋಶಗಳಲ್ಲಿ ಎರಡು ಕ್ರೋಮೋಸೋಮುಗಳ ಒಂದೊಂದು ತೋಳು ಇರಲೇ ಇಲ್ಲ. ಹಾಗಿದ್ದರೆ ಅದು ಆಸ್ಟ್ರೊಸೈಟೋಮಾ ಅಲ್ಲ, ಆಲಿಗೋಡೆಂಡ್ರೋಗ್ಲಿಯೋಮಾ. ದರ್ಜೆ ಮೂರೇ ಆದರೂ ರೇಡಿಯೇಶನ್ನಿಗೆ, ಔಷಧಿಗೆ ಬಗ್ಗುವ ಜಾತಿ. ಹತ್ತು ವರ್ಷ ದಾಟಿ ಬದುಕಿದವರು ಎಷ್ಟೋ ಜನ.

ಅವಳು ಸೀದಾ ಸನತ್‌ನಗರಕ್ಕೆ ಹೋದಳು. ವರ್ಕ್‌ಶಾಪಿನ ಹಿಂದೆ ಹುಲಗೇಶ ಸಿಕ್ಕ. ಬಾಗಿಲಲ್ಲಿ ಹಿರಿಯ ಫಿಟ್ಟರ್ ಲಿಂಗಣ್ಣ ನಿಂತಿದ್ದ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಹುಲಗೇಶನ ಕಣ್ಣು ತುಂಬಿತು. ಆದರೆ ಮುಖ ಗಟ್ಟಿಯಾಯಿತು.

"ಹೆಸರು ಬದಲಾತಂತ ಬಂದೀರೇನು? ಹಳೇ ಹೆಸರ ಇದ್ದಿದ್ರ ಬರ್ತಿದ್ರೇನು?"

ಎಷ್ಟು ಸುಲಭವಾಗಿ ಕೇಳಿಬಿಟ್ಟ...

"ಇವರು ಹೋದ ವಾರನೂ ಎರಡು ಸಲ ಬಂದಿದ್ರು ತಮ್ಮಾ," ಎಂದ ಲಿಂಗಣ್ಣ, ನೆಲ ನೋಡುತ್ತ. "ಯಾರು ಬಂದ್ರೂ ಇಲ್ಲ ಅನ್ನು ಅಂದಿದ್ದಿ ಅಲ್ಲ ನೀನು? ಹಂಗ ಹೇಳಿ ಕಳಿಸಿದೆ. ಬಿಸಲಾಗ ಭಾಳ ಹೊತ್ತು ನಿಂತಿದ್ರು."

ಇಷ್ಟು ಹೇಳಿ ಅವನು ಒಳಗೆ ಹೋದ.

ಹುಲಗೇಶ ಮರದ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ. ಸುಮಂಗಲಾ ಅವನ ಪಕ್ಕ ಕುಳಿತಳು. ವರದಿ ಬರುವ ಮೊದಲೇ ಅವ್ವನಿಗೆ ಎಲ್ಲ ಹೇಳಿದ್ದನ್ನೂ ಅವ್ವ ಅತ್ತದ್ದನ್ನೂ ಕೊನೆಗೆ ಹುಡುಗನನ್ನು ಕರೆದುಕೊಂಡು ಬಾ ಎಂದದ್ದನ್ನೂ ಮೆಲ್ಲಗೆ ಹೇಳಿದಳು.

"ಬ್ಯಾನಿ ಪೂರಾ ಹೋಗೂದಿಲ್ರಿ," ಎಂದ ಅವನು. "ಒಂದಿನ ತಿರುಗಿ ಬರಬಹುದು."

"ಬರಬಹುದು. ನನಗ ಗೊತ್ತಿಲ್ಲೇನ್ರಿ? ಗೊತ್ತಿದ್ದೂ ಬಂದೀನಿ."

ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಷ್ಟು ದಿನ ಯಾರ ಮುಂದೂ ಅಂದಿಲ್ಲ. ಭಾಳ ವರ್ಷ ಬದುಕಬೇಕು ಅನಸಾಕತ್ತೈತ್ರಿ..."

"'ರಿ' ಬಿಟ್ಟು ಹೇಳು."

"ಬದುಕಬೇಕು ಅನಸಾಕತ್ತೈತಿ, ಸುಮಂಗಲಾ. ನಿನ್ನ ಜೋಡಿ."