ಹಿಪ್ಪುನೇರಳೆಯ ಕಂದು ಚುಕ್ಕೆ

ಎರಡನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದ ರೇಷ್ಮೆಹುಳಗಳಿಗೆ ಸೊಪ್ಪು ಕೊಯ್ಯಲು ಹೋದ ಬಸವಲಿಂಗಮ್ಮ ಬರಿಗೈಯಲ್ಲಿ ಓಡಿಬಂದಳು. ಒಂದೆಕರೆ ಹಿಪ್ಪುನೇರಳೆಯ ಎಲೆಗಳ ಮೇಲೆಲ್ಲ ಕಂದು ಚುಕ್ಕೆ — ಸಾಸಿವೆ ಎರಚಿದ ಹಾಗೆ.

ಅವಳ ಗಂಡ ಪಂಚಾಕ್ಷರಯ್ಯ ಹಿಂದುಮುಂದು ನೋಡಲಿಲ್ಲ. ಪಕ್ಕದ ಹೊಲದ ತಿಮ್ಮಯ್ಯ ಹಿಂದಿನ ದಿನವಷ್ಟೇ ಕಳೆ ಔಷಧಿ ಹೊಡೆದಿದ್ದ. ಬದುವಿನ ವಿಚಾರದಲ್ಲಿ ಇಬ್ಬರಿಗೂ ಮೊದಲೇ ಮುನಿಸು. ಇನ್ನೇನು ಬೇಕು? ಎರಡೂ ಹೊಲಕ್ಕೆ ನೀರುಣಿಸುವ ಬೋರು ಪಂಚಾಕ್ಷರಯ್ಯನ ಜಮೀನಿನಲ್ಲಿತ್ತು. ಅಂದೇ ತಿಮ್ಮಯ್ಯನ ಸರದಿ ನಿಂತಿತು. ಭಾನುವಾರ ಅರಳಿಕಟ್ಟೆಯಲ್ಲಿ ತಪ್ಪೊಪ್ಪಿಕೊಳ್ಳದಿದ್ದರೆ ನೀರು ಇನ್ನೆಂದೂ ಇಲ್ಲವೆಂದು ಹೇಳಿಕಳಿಸಿದ. ತಿಮ್ಮಯ್ಯನ ಹೊಲದಲ್ಲಿ ಹೂವಿಗೆ ಬಂದ ಟೊಮೆಟೊ ಏಪ್ರಿಲ್ ಬಿಸಿಲಿನಲ್ಲಿ ಎಷ್ಟು ದಿನ ತಡೆದೀತು?

ತಿಮ್ಮಯ್ಯನ ಮಗಳು ಶ್ವೇತ ಸಸ್ಯಶಾಸ್ತ್ರ ಓದಿದವಳು. ನಾಲ್ಕು ಜನರೆದುರು ಬಾಯಿ ಬಿಡಬೇಕೆಂದರೆ ಅವಳಿಗೆ ಬಲು ಕಷ್ಟವಾಗುತ್ತಿತ್ತು. ಎಲೆಗಳೆದುರು ಆ ಕಷ್ಟವಿರಲಿಲ್ಲ.

ಅವಳು ಪಂಚಾಕ್ಷರಯ್ಯನ ತೋಟಕ್ಕೆ ಹೋದಳು. ಕುಡಿ ಎಲೆಗಳಿಗೆ ಏನೂ ಆಗಿರಲಿಲ್ಲ. ಬಲಿತ ಎಲೆಗಳ ಮೇಲ್ಭಾಗದಲ್ಲಷ್ಟೇ ಚುಕ್ಕೆ. ನರಗಳು ಹಸಿರು, ತಳ ಶುಭ್ರ. ಕಳೆ ಔಷಧಿ ಹಾರಿದ್ದರೆ ಮೊದಲು ಮುರುಟಬೇಕಾದದ್ದು ಕುಡಿಯಲ್ಲವೇ?

ಹುಳಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು — ಸೊಪ್ಪಿನ ಮೇಲೆ ಅನುಮಾನ ಬಂದರೆ ಎಲ್ಲರೂ ಮಾಡುವಂತೆ, ಹತ್ತು ಹುಳ ಬೇರೆ ಇಟ್ಟು ತಿನ್ನಿಸಿ ನೋಡಿದಿರಾ?

"ನೋಡ್ದೆ ಕಣವ್ವ," ಬಸವಲಿಂಗಮ್ಮ ದನಿ ತಗ್ಗಿಸಿದಳು. "ಎರಡ್ ದಿನ ಆಯ್ತು. ಒಸಿ ಕಮ್ಮಿ ತಿಂದವೆ. ಒಂದೂ ಸತ್ತಿಲ್ಲ."

"ದೊಡ್ಡಪ್ಪಂಗೆ ಹೇಳಿದ್ರಾ?"

"ಕೋಪ ನೆತ್ತಿಗೇರಿರೋರ್ಗೆ ಏನಂತ ಹೇಳಾನ?"

ಮರುದಿನ ಶ್ವೇತ ಬಸ್ಸು ಹತ್ತಿ ಕೆಲವು ಮೈಲಿ ದೂರದ ಹೊಂಗನೂರಿಗೆ ಹೋದಳು. ಔಷಧಿಯನ್ನೇ ಕಾಣದ ಎರಡು ತೋಟಗಳಲ್ಲೂ ಅದೇ ಚುಕ್ಕೆ. ಹಾಗಾದರೆ ವಾಹನಗಳ ಹೊಗೆಯೇ? ಊರಾಚೆಯ ಬೈಪಾಸ್ ರಸ್ತೆಗೆ ಅಂಟಿಕೊಂಡಂತೆ ಪಂಚಾಕ್ಷರಯ್ಯನ ಇನ್ನೊಂದು ತುಂಡು ತೋಟವಿತ್ತು. ಅಲ್ಲಿ ನೋಡಿ ಪೆಚ್ಚಾದಳು. ಎಲೆಯ ಮೇಲೆ ಧೂಳಿತ್ತು. ಚುಕ್ಕೆ ಒಂದೂ ಇರಲಿಲ್ಲ.

ಮನೆಗೆ ಮರಳುವ ದಾರಿ ಪಂಚಾಕ್ಷರಯ್ಯನ ನೀಲಗಿರಿ ತೋಪಿನೊಳಗೆ. ಮಧ್ಯಾಹ್ನದ ಉರಿಗೆ ಎಲೆಗಳ ಘಾಟು ದಟ್ಟವಾಗಿ ಮೂಗಿಗೆ ಹೊಡೆಯಿತು. ಅವಳು ಅಲ್ಲೇ ನಿಂತುಬಿಟ್ಟಳು.

ಭಾನುವಾರ ಕಟ್ಟೆಯ ಮುಂದೆ ಅವಳು ಕೈಯಲ್ಲಿದ್ದ ಎಲೆಗಳನ್ನೇ ನೋಡುತ್ತ ಮಾತು ಶುರುಮಾಡಿದಳು. ಕುಡಿ ಎಲೆಯ ಮಾತು, ಹೊಂಗನೂರಿನ ಮಾತು, ವಾಹನದ ಹೊಗೆಯ ಮಾತು ಹೇಗೋ ಹೇಳಿದಳು. ಹತ್ತು ಹುಳದ ಮಾತನ್ನು ಬಸವಲಿಂಗಮ್ಮನೇ ಎದ್ದು ಹೇಳಿದಳು.

"ಹೊಗೆ ಅಂತೀಯಾ?" ಪಂಚಾಕ್ಷರಯ್ಯ ನಕ್ಕ. "ರೋಡ್ ಪಕ್ಕದ್ ತೋಟ ಹಸ್ರಾಗೇ ಐತಲ್ಲವ್ವ?"

"ಅದೇ ಸಾಕ್ಷಿ ದೊಡ್ಡಪ್ಪ. ಎಲೆ ಸುಟ್ಟಿದ್ದು ಓಜೋನ್. ಅದು ಸೈಲೆನ್ಸರಿಂದ ಬರಲ್ಲ, ದಾರೀಲಿ ಹುಟ್ಟುತ್ತೆ."

ಓಜೋನ್ ಭೂಮಿಗೆ ಕೊಡೆಯಲ್ಲವೇ ಎಂದು ಯಾರೋ ಕೇಳಿದರು. ಆಕಾಶದ ಮೇಲಿದ್ದರೆ ಕೊಡೆ, ಉಸಿರಾಡುವ ಎತ್ತರದಲ್ಲಿ ವಿಷ ಎಂದಳು. ಬಿಸಿಲೇರಿದಾಗ ಮರಗಳು ಕಣ್ಣಿಗೆ ಕಾಣದ ಆವಿ ಬಿಡುತ್ತವೆ. ನೀಲಗಿರಿ ಬಹಳ ಬಿಡುತ್ತದೆ. ಆ ಆವಿ ವಾಹನದ ಹೊಗೆಯೊಂದಿಗೆ ಬಿಸಿಲಲ್ಲಿ ಬೆಂದರೆ ಓಜೋನ್. ರಸ್ತೆಯ ಅಂಚಿನ ಹಸಿ ಹೊಗೆ ಅದನ್ನು ಹುಟ್ಟಿದಲ್ಲೇ ತಿಂದುಹಾಕುತ್ತದೆ. ಗಾಳಿ ಮುಂದೆ ಸಾಗಿದಂತೆ ಅದು ಉಳಿಯುತ್ತದೆ, ಊರೂರು ದಾಟುತ್ತದೆ. ಹೆಚ್ಚು ದಿನ ಉಸಿರಾಡಿದ ಬಲಿತ ಎಲೆ ಮೊದಲು ಸುಡುತ್ತದೆ.

ಪಂಚಾಕ್ಷರಯ್ಯನ ನಗು ಇಂಗಿತು. ಬೈಪಾಸಿನ ಹೊಗೆ ಸೊಪ್ಪಿಗೆ ತಾಗದಿರಲೆಂದು ತೋಪನ್ನು ಕಡಿಸದೆ ದಟ್ಟವಾಗಿ ಬೆಳೆಯಲು ಬಿಟ್ಟವನು ಅವನೇ.

"ಅಂದ್ರೆ ಕಳ್ಳ ನನ್ ಮರಾನೇ?"

"ಮರ ತನ್ನ ಪಾಡಿಗೆ ಉಸಿರು ಬಿಡ್ತದೆ. ಹೊಗೆ ಇಲ್ದಿದ್ರೆ ಆ ಉಸಿರಿಂದ ಇಷ್ಟು ಕೇಡಾಗ್ತಿರ್ಲಿಲ್ಲ. ಅಪರಾಧಿ ಹೊಗೆ. ನಿಮ್ಮ ತೋಪೊಂದೇ ಅಲ್ಲ, ಬಿಡದಿಯಿಂದ ಇಲ್ಲೀಗಂಟ ಇರೋ ಮರಗಳೆಲ್ಲ ಅದಕ್ಕೆ ಜೊತೆ."

"ಹಂಗಾರೆ ಯಾರ್ನ ಕಟ್ಟೆಗೆ ಕರೆಸಾನ?"

ಪಂಚಾಕ್ಷರಯ್ಯ ತಲೆ ತಗ್ಗಿಸಿ, ಸಂಜೆಗೇ ನೀರು ಬಿಡುವುದಾಗಿ ಒಪ್ಪಿದ.

ಮನೆಯ ದಾರಿಯಲ್ಲಿ ತಿಮ್ಮಯ್ಯ ಮಗಳತ್ತ ತಿರುಗಲಿಲ್ಲ.

"ಮೊದಲ್ನೇ ದಿನ ನನ್ ಸ್ಪ್ರೇ ಕ್ಯಾನ್ ಮುಚ್ಚಳ ತೆಗ್ದು ಮೂಸಿದ್ಯಲ್ಲ. ನಾನೇ ಮಾಡ್ದೆ ಅನ್ಕಂಡಿದ್ಯಾ?"

ಸುಳ್ಳು ಹೇಳಬಹುದಿತ್ತು.

"ಹೂಂ ಅಪ್ಪ."

ತಿಮ್ಮಯ್ಯನ ನಡಿಗೆ ಬಿರುಸಾಯಿತು. ಶ್ವೇತ ಹಿಂದೆ ಉಳಿದಳು.