ಮುಚ್ಚಳ ತೆಗೆಯದ ರಾಜಕುಮಾರ

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಮೂಡುವ ಮೊದಲು, ಹೊಂಗನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಕಲಿದೇವ ಎಂಬ ರಾಜಕುಮಾರ. ಕತ್ತಿವರಸೆಯಲ್ಲಿ ಗಟ್ಟಿಗ, ಕುದುರೆ ಸವಾರಿಯಲ್ಲಿ ಗಟ್ಟಿಗ, ಕಾಯುವುದೊಂದು ಬಿಟ್ಟು ಮಿಕ್ಕೆಲ್ಲದರಲ್ಲೂ ಗಟ್ಟಿಗ. ಮಾವು ಹೂ ಬಿಟ್ಟರೆ ಸಾಕು, ಮರದ ಕೆಳಗೆ ಉಪ್ಪು ಮೆಣಸು ಹಿಡಿದು ಕೂರುವ ಆಸಾಮಿ. ತಂದೆತಾಯಿ ಹಿಂದೆಯೇ ತೀರಿಕೊಂಡಿದ್ದರು. ತನ್ನವರು ಅಂತ ಅವನಿಗಿದ್ದವರು ಇಬ್ಬರೇ, ಪುಟ್ಟ ತಂಗಿ ಹೊನ್ನಲೆ ಮತ್ತು ಅವರಿಬ್ಬರನ್ನೂ ಸಾಕಿದ ಅರಮನೆಯ ಅಡುಗೆಯವಳು ಸಂಕವ್ವ.

ಆ ಅರಮನೆಯ ಅಡುಗೆಮನೆಗೆ ಅವನ ಅಜ್ಜನ ಕಾಲದ ಕಟ್ಟಳೆಯೊಂದಿತ್ತು. ಯಾರಾದರೂ ವಿಷ ಬೆರೆಸಿಯಾರೆಂಬ ಭಯಕ್ಕೆ, ಬೇಯುತ್ತಿರುವ ಪಾತ್ರೆಯ ಮುಚ್ಚಳವನ್ನು ಜಾವಕ್ಕೊಮ್ಮೆ ತೆಗೆದು ರುಚಿಗಾರ ರುಚಿ ನೋಡಬೇಕು. ಒಲೆ ಊದುವ ಆಳು ಮಾತ್ರ ಬಡಿಸುವ ಹೊತ್ತಿಗೆ ಬಾಗಿಲ ಹೊರಗಿರಬೇಕು. ಯಾಕೆ ಅಂತ ಯಾರೂ ಕೇಳಿರಲಿಲ್ಲ. ದೊಡ್ಡವರು ಮಾಡಿದ್ದು, ನಡೆದುಕೊಂಡು ಬಂದಿತ್ತು.

ಹೀಗಿರುವಾಗ ಉರಿನುಂಗ ಎಂಬ ಮಾಂತ್ರಿಕ ಬಂದು ಊರಾಚೆಯ ಮಂಜುಗಲ್ಲ ಗುಡ್ಡದ ಗವಿಯಲ್ಲಿ ನೆಲೆಸಿದ. ಅವನ ತಿನಿಸು ಬೆಂಕಿ. ಮೊದಲ ದಿನ ಅರಮನೆಯ ಒಲೆಯನ್ನು ನುಂಗಿದ, ಆಮೇಲೆ ಊರಿನ ಒಲೆಗಳನ್ನು, ಕಡೆಗೆ ಕಮ್ಮಾರನ ಕುಲುಮೆಯನ್ನೂ ಕುಂಬಾರನ ಆವಿಗೆಯನ್ನೂ ನುಂಗಿದ. ಎಲ್ಲಿ ನಾಲಗೆ ಚಾಚಿ ಉರಿ ಎದ್ದರೂ ಗವಿಯಿಂದಲೇ ಬಾಯಿ ತೆರೆದು ಎಳೆದುಕೊಳ್ಳುತ್ತಿದ್ದ. ಜನ ನೆನೆಸಿದ ಕಾಳು, ಹಸಿ ಗೆಡ್ಡೆ ತಿಂದು ದಿನ ದೂಡಿದರು. ಮಕ್ಕಳು ಬಡವಾದವು. ಹೊನ್ನಲೆಗಂತೂ ಕಾಲಿನಿಂದ ಮೇಲಕ್ಕೆ ಮೈ ತಣ್ಣಗಾಗುತ್ತ ಬಂತು. ಪಾದ ಕಲ್ಲಾಯಿತು, ಮೊಣಕಾಲು ಕಲ್ಲಾಯಿತು. ತಣ್ಣಗಿನದು ಎದೆ ಮುಟ್ಟಿದರೆ ಮಗು ಉಳಿಯುವುದಿಲ್ಲ, ಹೊಟ್ಟೆಗೆ ಬಿಸಿಯಾದದ್ದು ಬೀಳಲೇಬೇಕು ಎಂದು ವೈದ್ಯರು ಹೇಳಿ ಕೈಚೆಲ್ಲಿದರು.

ಕಲಿದೇವ ಕತ್ತಿ ಹಿಡಿದು ಹೊರಟೇಬಿಟ್ಟ. ಸಂಕವ್ವ ಅವನ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದಳು. ದೊಡ್ಡ ಒಲೆಯ ಪಕ್ಕಕ್ಕೆ ಅಂಟಿಕೊಂಡಿರುವ ಕೋಡೊಲೆಯ ಬೂದಿಯನ್ನು ಬೆರಳಿನಿಂದ ಸರಿಸಿದಳು. ಒಳಗೆ ಒಂದಿಷ್ಟು ಕೆಂಡ ಕೆಂಪಗೆ ಉಸಿರಾಡುತ್ತಿತ್ತು. ಉರಿ ಏಳದ ಬೆಂಕಿ ಮಾಂತ್ರಿಕನ ಕಣ್ಣಿಗೆ ಬಿದ್ದಿರಲಿಲ್ಲ.

"ಹಾಗಾದ್ರೆ ಇದರ ಮೇಲೇ ತಂಗಿಗೆ ಏನಾದ್ರೂ ಬೇಯಿಸಬಾರದಿತ್ತೇ ಅವ್ವಾ?" ಎಂದು ಅವನು ಕೇಳಿದ.

ಎರಡು ಸಲ ಇಟ್ಟಿದ್ದಳಂತೆ. ಎರಡು ಸಲವೂ ರುಚಿಗಾರ ಬಂದು, ಕಟ್ಟಳೆ ಕಟ್ಟಳೆಯೇ ಎಂದು ಮುಚ್ಚಳ ತೆಗೆದನಂತೆ. ಮುಚ್ಚಳ ತೆಗೆದದ್ದೇ ತಡ, ಆವಿ ಮೇಲೆದ್ದು ಗುಡ್ಡದ ಕಡೆ ನಡೆಯಿತು. ಆವಿಯ ಜಾಡು ಹಿಡಿದು ಉರಿನುಂಗ ಕೆಂಡವನ್ನೂ ನುಂಗಿದ. ಉಳಿದಿರುವುದು ಇಷ್ಟೇ, ಒಂದು ಚಿಪ್ಪಿನಷ್ಟು. ಇದೂ ಹೋದರೆ ನಾಡಿನಲ್ಲಿ ಬೆಂಕಿಯ ಬೀಜವೇ ಇಲ್ಲ.

"ಇಲ್ಲಿ ಬೇಯಿಸಿ ಮಗೂನ ಉಳಿಸಿಕೊಂಡ್ರೂ ನಾಳೆ ಏನು ಮಾಡ್ತೀಯ ಮಗಾ?" ಎಂದಳು ಸಂಕವ್ವ. "ಯೋಚನೆ ಮಾಡಿ ನೋಡು. ಬೆಳಕು ಬೇಕಾದವನು ದೀಪಕ್ಕೆ ಕೈ ಹಾಕ್ತಾನೆ. ಇವನು ಮೊದಲು ಕೈ ಹಾಕಿದ್ದು ಅಡುಗೆಮನೆಗೆ. ಅವನಿಗೆ ಹಸಿವು, ಅಷ್ಟೇ. ಬೆಂಕಿ ತಿಂದ್ರೆ ಯಾರ ಹೊಟ್ಟೆ ತುಂಬುತ್ತೆ? ಅವನ ಬಾಗಿಲಲ್ಲೇ ಕೂತು ಅಡುಗೆ ಮಾಡು. ಮೊದಲು ಅವನಿಗೆ ಬಡಿಸು."

ಹೊನ್ನಲೆಯ ಹತ್ತಿರ ಇರಬೇಕಾದ್ದರಿಂದ ಅವಳು ಬರುವ ಹಾಗಿರಲಿಲ್ಲ. ಕಲಿದೇವನಿಗೆ ಅಡುಗೆ ಬರುತ್ತಿರಲಿಲ್ಲ. ಆದ್ದರಿಂದ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಮಡಕೆಯ ತಳಕ್ಕೆ ಗೆಡ್ಡೆ, ಅದರ ಮೇಲೆ ನೆನೆಸಿದ ಹುರುಳಿ ಮತ್ತು ಅವರೆ, ಮೇಲೆ ಕುಂಬಳದ ಹೋಳು, ಜಜ್ಜಿದ ಕಾಳುಮೆಣಸು, ಮುಳುಗುವಷ್ಟು ನೀರು, ಈ ಗಂಟಿನಲ್ಲಿರುವ ಉಪ್ಪು. ಹುಣಸೆ ಬೇಡ, ಹುಳಿ ಬಿದ್ದರೆ ಕಾಳು ಬೇಯುವುದಿಲ್ಲ. ಮುಚ್ಚಳ ಮುಚ್ಚಿ ಸುತ್ತ ರಾಗಿಹಿಟ್ಟು ಮೆತ್ತಬೇಕು. ಬೂದಿಯೊಳಗೆ ಕೆಂಡ, ಕೆಂಡದ ಮೇಲೆ ಮಡಕೆ. ಹೊತ್ತು ಹುಟ್ಟುವಾಗ ಇಟ್ಟರೆ ಹೊತ್ತು ಮುಳುಗುವಾಗ ಇಳಿಸಬೇಕು. ನಡುವೆ ಆಕಾಶ ಕಳಚಿ ಬಿದ್ದರೂ ಮುಚ್ಚಳ ತೆಗೆಯಬಾರದು.

ಕಲಿದೇವ ಹೂಂ ಹೂಂ ಅಂದ. ಹೊನ್ನಲೆಯ ಮಂಚದ ಹತ್ತಿರ ಹೋದ. ಅವಳ ಸೊಂಟದವರೆಗೂ ತಣ್ಣಗಾಗಿತ್ತು. "ಅಣ್ಣಾ, ಬೇಗ ಬಾ" ಎಂದಳು. ಬೇಗ ಬರುವುದೊಂದೇ ತನಗೆ ಗೊತ್ತಿದ್ದ ವಿದ್ಯೆ, ಇವತ್ತು ಅದೊಂದನ್ನೇ ಮಾಡುವಂತಿಲ್ಲವಲ್ಲ ಎಂದು ಅವನ ಕಣ್ಣು ತುಂಬಿತು.

ಮೂಡಲು ಕೆಂಪಾಗುವ ಹೊತ್ತಿಗೆ ಅವನು ಗವಿಯ ಬಾಗಿಲಲ್ಲಿ, ಬೂದಿ ಮುಚ್ಚಿ ತಂದಿದ್ದ ಕೆಂಡದ ಮೇಲೆ ಮಡಕೆ ಇಟ್ಟು, ಹಿಟ್ಟು ಮೆತ್ತಿ, ಪಕ್ಕದಲ್ಲಿ ಕುಳಿತ. ಸ್ವಲ್ಪ ಹೊತ್ತಿಗೇ ಬೆಂದಿತೇನೋ ಅನ್ನಿಸಿತು. ನೋಡಿದರೆ ಸೂರ್ಯ ಇನ್ನೂ ಗಿಡದೆತ್ತರ ಏರಿರಲಿಲ್ಲ. ಎದ್ದ, ಕೂತ, ಮತ್ತೆ ಎದ್ದ.

ಆಗ ಬಿಳಿಯ ಕಾಗೆಯೊಂದು ಬಂದು ಕಲ್ಲಿನ ಮೇಲೆ ಕೂತಿತು. "ಉಪ್ಪು ಹಾಕಿದೆಯೇನಪ್ಪಾ?" ಎಂದು ಕೇಳಿತು.

ಕಲಿದೇವ ಸೊಂಟ ಮುಟ್ಟಿ ನೋಡಿಕೊಂಡ. ಉಪ್ಪಿನ ಗಂಟು ಅಲ್ಲೇ ಇತ್ತು. ಅವಸರದವನ ಕೆಲಸ ಇನ್ನು ಹೇಗಿರುತ್ತದೆ ಹೇಳಿ. ಒಂದೇ ಚಣ ಮುಚ್ಚಳ ಓರೆ ಮಾಡಿ ಹಾಕಿಬಿಡು, ಇಲ್ಲದಿದ್ದರೆ ಅದನ್ನು ನಾಯಿಯೂ ಮೂಸುವುದಿಲ್ಲ ಎಂದು ಕಾಗೆ ಪುಸಲಾಯಿಸಿತು. ಅವನ ಕೈ ಹಿಟ್ಟಿನ ಅಂಚಿನವರೆಗೂ ಹೋಯಿತು. ಅಲ್ಲಿಗೆ ನಿಂತಿತು. "ಉಪ್ಪಿಲ್ಲದಿದ್ರೂ ಬಿಸಿ ಬಿಸಿಯೇ" ಎಂದು ಹೇಳಿ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ. ಕಾಗೆ ಹಾರಿಹೋಯಿತು.

ಮಧ್ಯಾಹ್ನದ ಹೊತ್ತಿಗೆ ಗವಿಯೊಳಗಿಂದ ಬೂದುಬಣ್ಣದ ಹುಲಿ ಬಂತು. ಅದರ ಉಸಿರು ಬಿದ್ದಲ್ಲೆಲ್ಲ ಹುಲ್ಲಿನ ಮೇಲೆ ಮಂಜು ಕಟ್ಟುತ್ತಿತ್ತು. ಮುಚ್ಚಳ ತೆಗೆ, ಇಲ್ಲವೇ ಎದ್ದು ಹೋರಾಡು ಎಂದಿತು. ಕಲಿದೇವನ ಕೈ ಕತ್ತಿಯ ಹಿಡಿಗೆ ಹೋಯಿತು. ಹೋರಾಟ ಎಂದರೆ ಅವನಿಗೆ ಹಬ್ಬ. ಆದರೆ ತಾನು ಎದ್ದರೆ ಹುಲಿಯ ತಣ್ಣನೆಯ ಉಸಿರು ನೇರ ಕೆಂಡಕ್ಕೆ ಬೀಳುತ್ತದೆ. ಅವನು ಕತ್ತಿಯನ್ನು ಪಕ್ಕಕ್ಕೆ ಎಸೆದ. ತನ್ನ ಉತ್ತರೀಯವನ್ನು ಮಡಕೆಗೆ ಸುತ್ತಿ, ಎರಡು ಕೈಯಿಂದ ಅದನ್ನು ತಬ್ಬಿ, ಹುಲಿಗೆ ಬೆನ್ನು ಕೊಟ್ಟು ಕುಳಿತ. ಹುಲಿ ಬೆನ್ನ ಮೇಲೆ ಉಗುರೆಳೆಯಿತು. ಬೆನ್ನು ಮರಗಟ್ಟಿತು. ಎದೆಗೆ ಮಾತ್ರ ಮಡಕೆಯ ಬಿಸಿ ತಾಗುತ್ತಿತ್ತು, ಒಳಗೆ ಕಾಳು ಕುತುಕುತು ಅನ್ನುತ್ತಿತ್ತು. ಆ ಸದ್ದನ್ನೇ ಕೇಳುತ್ತ ಹಲ್ಲು ಕಚ್ಚಿಕೊಂಡಿದ್ದ. ಕಾದು ಕಾದು ಹುಲಿ ಹೊಗೆಯಾಗಿ ಕರಗಿತು.

ಬಿಸಿಲು ಇಳಿಯಿತು. ಆಗ ಗವಿಯಿಂದ ಪುಟ್ಟ ಹೆಜ್ಜೆ ಇಡುತ್ತ ಹೊನ್ನಲೆ ಬಂದಳು. ಅದೇ ಜಡೆ, ಅದೇ ಹಸಿರು ಲಂಗ. "ಅಣ್ಣಾ, ಹಸಿವು. ಒಂದೇ ಒಂದು ಸೌಟು ಕೊಡು" ಎಂದಳು.

ಕಲಿದೇವ ಒಂದು ಚಣ ಎಲ್ಲ ಮರೆತು ಮುಚ್ಚಳದ ಮೇಲೆ ಕೈ ಇಟ್ಟೇಬಿಟ್ಟಿದ್ದ. ಆಮೇಲೆ ಅವಳ ಕಾಲು ನೋಡಿದ. ಅವನ ತಂಗಿಯ ಕಾಲು ಕಲ್ಲಾಗಿ ದಿನಗಳೇ ಆಗಿದ್ದವು, ಅವಳು ನಡೆದು ಬರುವುದೆಲ್ಲಿಂದ ಬಂತು. ಇದು ಮಾಂತ್ರಿಕನೇ. ಕಾಗೆಯೂ ಇವನೇ, ಹುಲಿಯೂ ಇವನೇ. ಕತ್ತಿ ಕೈಗೆಟಕುವಷ್ಟು ದೂರದಲ್ಲೇ ಬಿದ್ದಿತ್ತು. ಆದರೆ ಆ ಮುಖ ನೋಡಿದಾಗ ಅವನಿಗೆ ಒಂದು ಮಾತು ಖಂಡಿತವಾಗಿ ಹೊಳೆಯಿತು. ರೂಪ ಸುಳ್ಳು, ದನಿ ಸುಳ್ಳು, ಹಸಿವು ಮಾತ್ರ ಸುಳ್ಳಲ್ಲ.

"ಇನ್ನೂ ಬೆಂದಿಲ್ಲ" ಎಂದ. "ಬಾ, ತೊಡೆ ಮೇಲೆ ಕೂತ್ಕೋ. ಇಬ್ಬರೂ ಕಾಯೋಣ."

ಆ ಮಗು ನಂಬದವರಂತೆ ನೋಡಿತು. ಆಮೇಲೆ ಬಂದು ಕುಳಿತಿತು. ಮಂಜುಗಡ್ಡೆ ಕೂತಂತಾಯಿತು. ಆಯಿತಾ ಎಂದು ಕೇಳಿತು. ಇನ್ನೂ ಇಲ್ಲ ಎಂದ. ಆಯಿತಾ ಎಂದು ಮತ್ತೆ ಕೇಳಿತು. ಜನ್ಮದಲ್ಲಿ ಕಾಯದ ಕಲಿದೇವ ಅದಕ್ಕೆ ಕಾಯುವುದನ್ನು ಹೇಳಿಕೊಟ್ಟ. ಮಡಕೆಗೆ ಕಿವಿ ಇಡು, ಈಗ ಹುರುಳಿ ಮಾತಾಡುತ್ತಿದೆ, ಅದು ಸುಮ್ಮನಾದರೆ ಅವರೆ ಮಾತಾಡುತ್ತದೆ, ಎಲ್ಲ ಸುಮ್ಮನಾದಾಗ ಅಡುಗೆ ಆಯಿತು ಅಂತ ಲೆಕ್ಕ ಎಂದ. ಸಂಕವ್ವ ಚಿಕ್ಕಂದಿನಲ್ಲಿ ಅವನಿಗೆ ಹೇಳುತ್ತಿದ್ದ ಮಾತುಗಳು ಅವು, ಆಗ ಅವನು ಕೇಳಿಸಿಕೊಂಡಿರಲಿಲ್ಲ. ಮಗು ಮಡಕೆಗೆ ಕಿವಿ ಇಟ್ಟು ಕೂತಿತು.

ಹೊತ್ತು ಮುಳುಗಿತು. ಮಡಕೆ ಸುಮ್ಮನಾಯಿತು. ಕಲಿದೇವ ಮೆತ್ತಿದ ಹಿಟ್ಟನ್ನು ಒಡೆದು ಮುಚ್ಚಳ ಎತ್ತಿದ. ಘಮ್ಮೆನ್ನುವ ಆವಿ ಗುಡ್ಡವನ್ನೆಲ್ಲ ತುಂಬಿತು. ತೊಡೆಯ ಮೇಲೆ ನೋಡಿದರೆ ಮಗು ಇರಲಿಲ್ಲ, ಒಬ್ಬ ಮುದುಕ ಕೂತಿದ್ದ. ಮೈಯೆಲ್ಲ ಮಸಿ, ಕೆನ್ನೆ ಒಳಗೆ ಹೋಗಿದ್ದವು, ಊದಿ ಊದಿ ತುಟಿ ಬಿರಿದಿದ್ದವು.

ಕಲಿದೇವ ಎಲೆಗೆ ಬಡಿಸಿ ಉಪ್ಪಿನ ಗಂಟಿಗೆ ಕೈ ಹಾಕುವಷ್ಟರಲ್ಲಿ ಮುದುಕ ತಿನ್ನತೊಡಗಿದ್ದ. ಮೊದಲ ತುತ್ತಿಗೇ ಅವನು ಅತ್ತುಬಿಟ್ಟ. ಅವನು ಚಿಕ್ಕವನಾಗಿದ್ದಾಗ ಅದೇ ಅರಮನೆಯಲ್ಲಿ, ಕಲಿದೇವನ ಅಜ್ಜನ ಕಾಲದಲ್ಲಿ, ಒಲೆ ಊದುತ್ತಿದ್ದನಂತೆ. ದಿನವೂ ಉರಿ ಎಬ್ಬಿಸಿದವನು ಅವನು, ದಿನವೂ ಬಡಿಸುವ ಹೊತ್ತಿಗೆ ಬಾಗಿಲ ಹೊರಗೆ ನಿಂತವನೂ ಅವನೇ. ಅವನ ಪಾಲಿಗೆ ಬರುತ್ತಿದ್ದುದು ಆರಿದ್ದು, ಅಡಿ ಹಿಡಿದದ್ದು. ತನಗಿಲ್ಲದ ಬೆಂಕಿ ಯಾರಿಗೂ ಬೇಡ ಎಂದು ಮಂತ್ರ ಕಲಿತನಂತೆ. ಎಷ್ಟು ಬೆಂಕಿ ನುಂಗಿದರೂ ಹೊಟ್ಟೆ ಬೆಚ್ಚಗಾಗಲಿಲ್ಲವಂತೆ.

ಕಲಿದೇವನಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಇನ್ನೊಂದು ಸೌಟು ಬಡಿಸಿದ.

ಮುದುಕ ಎಲೆ ಒರೆಸಿ ತಿಂದು, ಹೊಟ್ಟೆ ಸವರಿಕೊಂಡು, ದೊಡ್ಡದೊಂದು ತೇಗು ತೇಗಿದ. ಆ ತೇಗಿನ ಜೊತೆ ನುಂಗಿದ್ದ ಬೆಂಕಿಯೆಲ್ಲ ಮಿಣುಕುಹುಳಗಳಂತೆ ಬಾಯಿಂದ ಹಾರಿತು. ಕಮ್ಮಾರನದು ಕುಲುಮೆಗೆ ಹೋಯಿತು, ಕುಂಬಾರನದು ಆವಿಗೆಗೆ ಹೋಯಿತು, ಮನೆಮನೆಯದು ಮನೆಮನೆಯ ಒಲೆಗೆ ಹೋಯಿತು. ಗುಡ್ಡದ ಮೇಲಿಂದ ನೋಡಿದರೆ ಇಡೀ ನಾಡು ಒಂದೊಂದೇ ಒಲೆಯಾಗಿ ಬೆಳಗುತ್ತಿತ್ತು. ಮಂತ್ರವೂ ಅದರೊಂದಿಗೇ ಹೊರಟುಹೋಯಿತು.

ಉಳಿದ ಸಾರಿನ ಮಡಕೆಯನ್ನು ಮುದುಕ ತನ್ನ ಕಂಬಳಿಯೊಳಗೆ ಬೆಚ್ಚಗೆ ಹೊತ್ತುಕೊಂಡ. ಇಬ್ಬರೂ ಓಡಿದರು. ಕಲಿದೇವನಿಗೆ ಈಗ ಅವಸರಪಡಲು ಅಪ್ಪಣೆ ಸಿಕ್ಕಿತ್ತು. ಅರಮನೆಗೆ ಬಂದಾಗ ಹೊನ್ನಲೆಯ ಎದೆಯ ಹತ್ತಿರಕ್ಕೆ ತಣ್ಣಗಿನದು ಬಂದಿತ್ತು, ಕಣ್ಣು ಮುಚ್ಚಿದ್ದಳು. ಸಂಕವ್ವ ಒಂದು ಗುಟುಕು ಬಾಯಿಗೆ ಬಿಟ್ಟಳು. ಇನ್ನೊಂದು ಗುಟುಕು. ಮೂರನೆಯದಕ್ಕೆ ಕಾಲ್ಬೆರಳು ಅಲ್ಲಾಡಿತು.

ಹೊನ್ನಲೆ ಕಣ್ಣು ಬಿಟ್ಟು, ಚಪ್ಪರಿಸಿ, ಮುಖ ಕಿವುಚಿದಳು. "ಅಣ್ಣಾ, ಉಪ್ಪೇ ಇಲ್ಲ."

ಉಪ್ಪಿನ ಗಂಟು ಇನ್ನೂ ಅವನ ಸೊಂಟದಲ್ಲೇ ಇತ್ತು. ಸಂಕವ್ವ ಸೆರಗು ಬಾಯಿಗಿಟ್ಟು ನಕ್ಕಳು, ಅತ್ತಳು. ಹೊನ್ನಲೆ ಬಾಗಿಲ ಕಡೆ ನೋಡಿದಳು. ಮುದುಕ ಹಳೆಯ ಅಭ್ಯಾಸದಂತೆ ಹೊಸ್ತಿಲ ಆಚೆಗೇ ನಿಂತಿದ್ದ. ನೀನೂ ಇದನ್ನೇ ತಿಂದೆಯಾ, ಉಪ್ಪಿಲ್ಲ ಅಂತ ಯಾಕೆ ಹೇಳಲಿಲ್ಲ ತಾತ ಎಂದು ಕೇಳಿದಳು.

"ಗೊತ್ತಾಗಲಿಲ್ಲ ತಾಯಿ" ಎಂದ ಮುದುಕ. "ಕೂರಿಸಿಕೊಂಡು ಬಡಿಸಿದ್ರಲ್ಲ."

ಕಲಿದೇವ ಎದ್ದು ಹೋಗಿ ಅವನ ಕೈ ಹಿಡಿದು ಒಳಗೆ ಕರೆತಂದ. ಅಂದಿಗೆ ಆ ಕಟ್ಟಳೆ ಮುರಿಯಿತು. ಕಲಿದೇವ ರಾಜನಾದ ಮೇಲೂ ಅರಮನೆಯಲ್ಲಿ ಮಡಕೆಯ ಮುಚ್ಚಳವನ್ನು ಹೊತ್ತಿಗೆ ಮುಂಚೆ ಯಾರೂ ತೆಗೆಯಲಿಲ್ಲ, ಮೊದಲ ಸೌಟು ಒಲೆ ಹಚ್ಚಿದವರ ಎಲೆಗೇ ಬೀಳುತ್ತಿತ್ತು. ಹೊನ್ನಲೆ ಊರೆಲ್ಲ ಕುಣಿದಾಡಿ ಬೆಳೆದಳು. ಮುದುಕ ಸಂಕವ್ವನ ಕೋಡೊಲೆಯ ಪಕ್ಕದಲ್ಲಿ ಬೆಚ್ಚಗೆ ಕೂತು ಮಕ್ಕಳಿಗೆ ಹುರುಳಿಯ ಮಾತು ಕೇಳಿಸುತ್ತಿದ್ದ. ಅವರೆಲ್ಲ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು, ಉಪ್ಪು ಹಾಕುವ ಕೆಲಸವನ್ನು ಮಾತ್ರ ರಾಜನಿಗೆ ಯಾರೂ ಒಪ್ಪಿಸಲಿಲ್ಲ.